ಸಂಕ್ರಾಂತಿ 14ಕ್ಕೋ 15ಕ್ಕೋ? ಕರಾವಳಿಯ ಚಳಿಗಾಲದ ಹಬ್ಬಗಳನ್ನೆಲ್ಲ ಒಂದೇ ಹಾಳೆಗೆ ತರುವ ಕ್ರಮ

ಡಿಸೆಂಬರ್ ಹತ್ತಿರ ಬಂತೆಂದರೆ ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರಿಂದ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಈ ಸಲ ಸಂಕ್ರಾಂತಿ ಯಾವತ್ತು? ನಮ್ಮ ಮನೆಯಲ್ಲಿ ಏಕಾದಶಿ ಇವತ್ತು, ಪಕ್ಕದ ಮನೆಯಲ್ಲಿ ನಾಳೆ, ಯಾವುದು ಸರಿ? ಕ್ರಿಸ್‌ಮಸ್ ರಾತ್ರಿ ಇಗರ್ಜಿಗೆ ನಾವೂ ಹೋಗಬಹುದೇ? ಭಟ್ಕಳದ ಗೆಳೆಯರಿಗೆ ಊಟಕ್ಕೆ ಕರೆಯಬೇಕು, ರಂಜಾನ್ ಎಲ್ಲಿಗೆ ಬರುತ್ತದೆ? ಶಾಲೆಯ ವಾರ್ಷಿಕೋತ್ಸವದ ದಿನ ಗೊತ್ತುಮಾಡುವ ಮಾಸ್ತರರು, ಮಹಿಳಾ ಮಂಡಳದವರು, ಕೈಗಾ ಅಣುಸ್ಥಾವರಕ್ಕೋ ಸೀಬರ್ಡ್ ನೌಕಾನೆಲೆಗೋ ಹೊಸದಾಗಿ ಬಂದ ಕುಟುಂಬಗಳು ಎಲ್ಲರಿಗೂ ಬೇಕಾದದ್ದು ಇದೇ.

ದಿನಾಂಕಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ ಅದು ಒಂದು ವರ್ಷಕ್ಕಷ್ಟೇ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಇಲ್ಲಿ ಪಟ್ಟಿಯನ್ನು ನೀವೇ ಮಾಡಿಕೊಳ್ಳುವ ಕ್ರಮವನ್ನು ಹೇಳಿದ್ದೇವೆ. ಒಮ್ಮೆ ಕೂತು ಮಾಡಿದರೆ ಎರಡು ತಾಸಿನ ಕೆಲಸ. ಪ್ರತಿ ಹಬ್ಬಕ್ಕೂ ಎರಡೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಯಾವ ಎಣಿಕೆಯ ಮೇಲೆ ನಿಂತಿದೆ? ಈ ಎಣಿಕೆಯಲ್ಲಿ ದಿನ ಶುರುವಾಗುವುದು ಯಾವ ಹೊತ್ತಿಗೆ? ಗೊಂದಲಗಳಲ್ಲಿ ಬಹುಪಾಲು ಎರಡನೇ ಪ್ರಶ್ನೆಯನ್ನು ಕೇಳದೆ ಇರುವುದರಿಂದಲೇ ಹುಟ್ಟುತ್ತವೆ.

ಬೇಕಾಗುವ ಸಾಮಾನು

ಡಿಸೆಂಬರ್ 1ರಿಂದ ಫೆಬ್ರವರಿ 28ರವರೆಗೆ ದಿನಕ್ಕೊಂದು ಸಾಲು ಹಿಡಿಸುವಷ್ಟು ದೊಡ್ಡ ಹಾಳೆ. ನಾಲ್ಕು ಬಣ್ಣದ ಪೆನ್ನು, ಒಂದು ಪೆನ್ಸಿಲ್. ನಿಮ್ಮ ಭಾಗದ ಪಂಚಾಂಗ. ಉತ್ತರ ಕನ್ನಡದ ಬಹಳಷ್ಟು ಮನೆಗಳಲ್ಲಿ ಕುಮಟಾದ ಬಗ್ಗೋಣ ಪಂಚಾಂಗ ಇರುತ್ತದೆ. ಜೊತೆಗೆ ಹಿಜರಿ ತಿಂಗಳೂ ಅಚ್ಚಾಗಿರುವ ಒಂದು ಗೋಡೆ ಕ್ಯಾಲೆಂಡರ್.

ಇವುಗಳ ಜೊತೆ ನಾಲ್ಕು ಫೋನ್ ನಂಬರ್ ಬೇಕು: ನಿಮ್ಮ ಪುರೋಹಿತರದ್ದು, ಹತ್ತಿರದ ಇಗರ್ಜಿಯ ಪಾದ್ರಿಗಳದ್ದು, ಮಸೀದಿ ಜಮಾತಿನವರೊಬ್ಬರದ್ದು, ಟಿಬೆಟನ್ನರ ನೆಲೆ ಇರುವ ಮುಂಡಗೋಡದ ಕಡೆ ಸಂಪರ್ಕವಿದ್ದರೆ ಅಲ್ಲಿನವರೊಬ್ಬರದ್ದು. ಮೊಬೈಲ್ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ಆ್ಯಪ್‌ನಲ್ಲಿ ಊರು ದೆಹಲಿಯೋ ಉಜ್ಜಯಿನಿಯೋ ಎಂದಿದ್ದರೆ ಅದು ಅಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿ ತೋರಿಸುತ್ತದೆ. ಬೆಂಗಳೂರು ಎಂದಿದ್ದರೂ ಸಾಲದು. ಕಾರವಾರದಲ್ಲಿ ಸೂರ್ಯ ಮೂಡುವುದು ಬೆಂಗಳೂರಿಗಿಂತ ಹದಿನೈದು ನಿಮಿಷದ ಆಸುಪಾಸು ತಡ. ಆ ನಡುವೆ ತಿಥಿ ಬದಲಾದರೆ ಎರಡೂ ಊರಿಗೆ ಬೇರೆ ಬೇರೆ ಹಬ್ಬ.

ಹಂತ 1: ನಾಲ್ಕು ಎಣಿಕೆಗೆ ನಾಲ್ಕು ಬಣ್ಣ

ಕೆಂಪು, ಇಂಗ್ಲಿಷ್ ತಾರೀಖಿನ ಹಬ್ಬಗಳಿಗೆ. ಕ್ರಿಸ್‌ಮಸ್ ಇದರಲ್ಲಿ ಬರುತ್ತದೆ. ತಾರೀಖು ಕದಲುವುದಿಲ್ಲ. ತಾರೀಖು ಬದಲಾಗುವುದು ನಡುರಾತ್ರಿಗಾದರೂ ಇಗರ್ಜಿಯ ದೊಡ್ಡ ಹಬ್ಬಗಳು ಮುಂಚಿನ ಸಂಜೆಯ ಪೂಜೆಯಿಂದಲೇ ಶುರುವಾಗುತ್ತವೆ.

ಹಳದಿ, ಸೌರಮಾನಕ್ಕೆ. ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಯ ಲೆಕ್ಕ. ಧನುರ್ಮಾಸ, ಮಕರ ಸಂಕ್ರಾಂತಿ ಇದರವು. ತಾರೀಖು ಹೆಚ್ಚೆಂದರೆ ಒಂದು ದಿನ ಆಚೀಚೆ.

ನೀಲಿ, ಚಾಂದ್ರಮಾನ ತಿಥಿಗೆ. ಏಕಾದಶಿ, ಹುಣ್ಣಿಮೆ, ರಥಸಪ್ತಮಿ, ಜೈನ ಪರ್ವಗಳು, ಟಿಬೆಟನ್ನರ ಹಬ್ಬಗಳು. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿದು, ಅಧಿಕ ಮಾಸ ಬಂದ ವರ್ಷ ಮತ್ತೆ ಮುಂದಕ್ಕೆ ಜಿಗಿಯುತ್ತವೆ. ಹಿಂದೂ, ಜೈನ ಆಚರಣೆಗೆ ದಿನ ಎಂದರೆ ಸೂರ್ಯೋದಯದಿಂದ ಸೂರ್ಯೋದಯ.

ಹಸಿರು, ಹಿಜರಿ ಎಣಿಕೆಗೆ. ಇದೂ ಚಂದ್ರನದ್ದೇ, ಆದರೆ ಅಧಿಕ ಮಾಸ ಇಲ್ಲ. ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಹಬ್ಬಗಳು ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತಲೇ ಹೋಗುತ್ತವೆ. ಇಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ.

ಒಂದೇ ಬುಧವಾರ ಒಬ್ಬರಿಗೆ ಮಂಗಳವಾರ ಸಂಜೆಯೇ ಬಂದಿರುತ್ತದೆ, ಇನ್ನೊಬ್ಬರಿಗೆ ನಡುರಾತ್ರಿ, ಮತ್ತೊಬ್ಬರಿಗೆ ಬೆಳಗಿನ ಏಳು ಗಂಟೆಗೆ. ಇದನ್ನು ಮರೆಯದಿರಲು ಹಾಳೆಯಲ್ಲಿ ತಾರೀಖಿನ ಪಕ್ಕ ‘ಶುರುವಾಗುವ ಹೊತ್ತು’ ಎಂದು ಒಂದು ಕಾಲಂ ಎಳೆಯಿರಿ. ಅದರ ಪಕ್ಕ ‘ಉಪವಾಸ/ಊಟ’, ಕೊನೆಗೆ ‘ಯಾರನ್ನು ಕೇಳಿದ್ದು’.

ಹಂತ 2: ಕೆಂಪು ಪೆನ್ನು ಮೊದಲು

ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಅಂದು ಕಾರವಾರದ ಕಡೆಯ ಎಷ್ಟೋ ಕ್ರೈಸ್ತ ಕುಟುಂಬಗಳು ಗೋವೆಗೆ ಹೋಗಿರುತ್ತವೆ. ನಿಮ್ಮ ಕಾರ್ಯಕ್ರಮಕ್ಕೆ ಕರೆದರೂ ಸಿಗಲಾರರು. ಡಿಸೆಂಬರ್ 8 ಮಾತೆ ಮರಿಯಳ ಅಮಲೋದ್ಭವದ ಹಬ್ಬ. ಡಿಸೆಂಬರ್ 25 ಕ್ರಿಸ್‌ಮಸ್, ‘ಶುರುವಾಗುವ ಹೊತ್ತು’ ಕಾಲಂನಲ್ಲಿ 24ರ ಸಂಜೆ. ಜನವರಿ 6 ಮೂವರು ರಾಯರ ಹಬ್ಬ. ಇದನ್ನು ಹತ್ತಿರದ ಭಾನುವಾರಕ್ಕೆ ಸರಿಸುವ ರೂಢಿ ಇದೆ, ಆದ್ದರಿಂದ ಕೇಳಿ ಬರೆಯಿರಿ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೂ ಗುರುತಿಸಿ. ಅದು ಆಗಮನ ಕಾಲ, ಅಂದರೆ ಯೇಸುವಿನ ಬರವಿಗಾಗಿ ಕಾಯುವ ಹೊತ್ತು. ಇಲ್ಲೇ ಸಂಘ-ಸಂಸ್ಥೆಗಳು ತಪ್ಪುವುದು: ಡಿಸೆಂಬರ್ ಎರಡನೇ ವಾರದಲ್ಲೇ ‘ಕ್ರಿಸ್‌ಮಸ್ ಸಂಭ್ರಮ’ ಮುಗಿಸಿ 26ಕ್ಕೆ ನಕ್ಷತ್ರದ ಗೂಡುದೀಪ ಇಳಿಸಿಬಿಡುತ್ತಾರೆ. ಇಗರ್ಜಿಯ ಲೆಕ್ಕದಲ್ಲಿ ಸಂಭ್ರಮ ಶುರುವಾಗುವುದೇ 24ರ ರಾತ್ರಿ. ಮೂವರು ರಾಯರ ಹಬ್ಬ ಕಳೆದು ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅದು ನಡೆಯುತ್ತದೆ. ಶಾಲೆಯಲ್ಲಿ ಗೋದಲಿ ಕಟ್ಟುವುದಾದರೆ ಕೊಟ್ಟಿಗೆ, ಕುರುಬರು, ದನಕರು ಎಲ್ಲ ಮೊದಲೇ ಇಡಬಹುದು. ಬಾಲಯೇಸುವಿನ ಮೂರ್ತಿಯನ್ನು ಇಡುವುದು 24ರ ರಾತ್ರಿ.

ಹಂತ 3: ಹಳದಿ ಪೆನ್ನು, ಧನುರ್ಮಾಸ ಮತ್ತು ಸಂಕ್ರಾಂತಿ

ಸೂರ್ಯ ಧನು ರಾಶಿಗೆ ಬರುವುದು ಡಿಸೆಂಬರ್ 16ರ ಸುಮಾರಿಗೆ. ಅಂದಿನಿಂದ ಸಂಕ್ರಾಂತಿಯ ತನಕ ಧನುರ್ಮಾಸ. ಮದುವೆ, ಗೃಹಪ್ರವೇಶ ಇಡುವುದಿಲ್ಲ. ದೇವಸ್ಥಾನಗಳಲ್ಲಿ ಪೂಜೆ ನಸುಕಿಗೇ ಆಗುತ್ತದೆ. ನಸುಕು ಎಂದರೆ ಇಲ್ಲಿ ಅರುಣೋದಯ, ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಅಂದರೆ 96 ನಿಮಿಷ ಮೊದಲು. ಡಿಸೆಂಬರ್ 21ರ ಹೊತ್ತಿಗೆ ಕಾರವಾರದಲ್ಲಿ ಸೂರ್ಯೋದಯ ಸುಮಾರು 6:53. ಹಾಗಾದರೆ ಅರುಣೋದಯ 5:17ರ ಹತ್ತಿರ. ಸೂರ್ಯ ಉತ್ತರಕ್ಕೆ ತಿರುಗಿದ ಮೇಲೆ ಬೆಳಗು ಬೇಗ ಆಗುತ್ತದೆಂದು ಅಂದಾಜು ಮಾಡಬೇಡಿ. ಹಗಲು ಉದ್ದವಾಗುವುದು ಮೊದಲು ಸಂಜೆಯ ಬದಿಯಲ್ಲಿ. ನಮ್ಮ ಕಡೆ ಸೂರ್ಯೋದಯ ಜನವರಿ ಮೂರನೇ ವಾರದವರೆಗೂ ತಡವಾಗುತ್ತಲೇ ಹೋಗಿ ಏಳು ಗಂಟೆ ದಾಟುತ್ತದೆ.

ನೈವೇದ್ಯದ ಹುಗ್ಗಿಗೆ ಅಕ್ಕಿ, ಹೆಸರುಬೇಳೆ ಸಮಸಮ. ಎರಡೂ ಒಂದೊಂದು ಪಾವು, ನೀರು ಎಂಟು ಪಾವು, ಕಾಳುಮೆಣಸು ಒಂದು ಚಮಚ, ಜೀರಿಗೆ ಒಂದು ಚಮಚ, ಒಂದು ಇಂಚು ಶುಂಠಿ, ಅರ್ಧ ಕಡಿ ಕಾಯಿತುರಿ, ಉಪ್ಪು, ತುಪ್ಪ. ಬೇಳೆಯನ್ನು ಬರೇ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಮಾತ್ರ ಹುರಿಯಿರಿ. ಕೆಂಪಾಗುವ ತನಕ ಹುರಿದರೆ ಅಕ್ಕಿ ಬೆಂದರೂ ಬೇಳೆ ಬೇಯದೆ ಉಳಿಯುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಸೂರ್ಯ ರಾಶಿಚಕ್ರವನ್ನು ಒಂದು ಸುತ್ತು ಮುಗಿಸಲು 365 ದಿನ ಮತ್ತು 6 ಗಂಟೆ 9 ನಿಮಿಷದಷ್ಟು ತೆಗೆದುಕೊಳ್ಳುತ್ತಾನೆ. ಆದ್ದರಿಂದ ಮಕರ ಪ್ರವೇಶದ ಹೊತ್ತು ವರ್ಷಕ್ಕೆ ಆರು ಗಂಟೆ ಮುಂದೆ ಹೋಗುತ್ತದೆ. ಫೆಬ್ರವರಿ 29 ಬಂದ ವರ್ಷದ ನಂತರ ಒಂದು ದಿನ ಹಿಂದಕ್ಕೆ ಬರುತ್ತದೆ. ದೃಗ್ಗಣಿತದಲ್ಲಿ, ಅಂದರೆ ಆಕಾಶದಲ್ಲಿ ಕಂಡಂತೆ ತಿದ್ದಿದ ಲೆಕ್ಕದಲ್ಲಿ ನೋಡಿ: 2024ರಲ್ಲಿ ಜನವರಿ 15ರ ನಸುಕಿನ ಮೂರರ ಹತ್ತಿರ, 2025ರಲ್ಲಿ 14ರ ಬೆಳಿಗ್ಗೆ ಒಂಬತ್ತರ ಹತ್ತಿರ, 2026ರಲ್ಲಿ 14ರ ಮಧ್ಯಾಹ್ನ ಮೂರೂಕಾಲರ ಹತ್ತಿರ, 2027ರಲ್ಲಿ 14ರ ರಾತ್ರಿ ಒಂಬತ್ತೂವರೆಯ ಒಳಗೆ. ಪ್ರವೇಶ ಸೂರ್ಯಾಸ್ತದ ನಂತರ ಆದರೆ ಸ್ನಾನ-ದಾನದ ಪುಣ್ಯಕಾಲ ಮರುದಿನ. ಹಾಗಾಗಿ 2027ಕ್ಕೆ 15. ನಡುಹಗಲು ಕಳೆದು ಪ್ರವೇಶವಾದ 2026ರಂಥ ವರ್ಷದಲ್ಲೇ ಜಗಳ: ಕೆಲವರು ಅಂದೇ ಮಾಡಿದರು, ಕರ್ನಾಟಕ ಸರ್ಕಾರದ ರಜೆ ಇದ್ದದ್ದು 15ಕ್ಕೆ. ಪಂಚಾಂಗ ಸೂರ್ಯಸಿದ್ಧಾಂತದ ಹಳೆಯ ಲೆಕ್ಕದ್ದಾದರೆ ಹೊತ್ತು ಇನ್ನೂ ಬದಲಾಗುತ್ತದೆ. ಮನೆಯ ಪಂಚಾಂಗ ಯಾವುದೋ ಅದರಂತೆ ನಡೆಯಿರಿ, ರಜೆ ನೋಡಿ ಪುಣ್ಯಕಾಲ ತೀರ್ಮಾನಿಸಬೇಡಿ.

ಇದರ ಹಿಂದಿನ ಸಂಜೆಯನ್ನೂ ಗುರುತಿಸಿ. ನೌಕಾನೆಲೆಯ ಕಾಲೊನಿಗಳಲ್ಲಿ ಪಂಜಾಬಿನ ಕುಟುಂಬಗಳಿಗೆ ಅಂದು ಲೋಹ್ರಿ. ತಮಿಳರಿಗೆ ಭೋಗಿ, ಮರುದಿನ ಪೊಂಗಲ್.

ಹಂತ 4: ನೀಲಿ ಪೆನ್ನು, ಇದರಲ್ಲಿ ಅವಸರ ಬೇಡ

ವೈಕುಂಠ ಏಕಾದಶಿ. ಸೂರ್ಯ ಧನು ರಾಶಿಯಲ್ಲಿದ್ದಾಗ ಬರುವ ಶುಕ್ಲ ಏಕಾದಶಿ ಇದು. ಒಂದು ಕಾಲು ಸೌರಮಾನದಲ್ಲಿ, ಇನ್ನೊಂದು ಚಾಂದ್ರಮಾನದಲ್ಲಿ. ಅದಕ್ಕೇ 2024ರ ಇಡೀ ಕ್ಯಾಲೆಂಡರ್‌ನಲ್ಲಿ ಇದು ಒಮ್ಮೆಯೂ ಬರಲಿಲ್ಲ, 2025ರಲ್ಲಿ ಜನವರಿ 10 ಮತ್ತು ಡಿಸೆಂಬರ್ 30 ಎಂದು ಎರಡು ಸಲ ಬಂತು. ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕಬೇಡಿ.

ಎರಡು ಮನೆಗೆ ಎರಡು ದಿನ ಯಾಕೆ? ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ. ಮಾಧ್ವ ವೈಷ್ಣವರು ಇನ್ನೂ ಹಿಂದಕ್ಕೆ ಹೋಗಿ ಅರುಣೋದಯದ ಹೊತ್ತಿಗೆ ದಶಮಿ ಉಳಿದಿದೆಯೇ ಎಂದು ನೋಡುತ್ತಾರೆ. ಉಳಿದಿದ್ದರೆ ಅದು ದಶಮೀ ವೇಧೆ, ಉಪವಾಸ ಮರುದಿನ. ನಮ್ಮ ಜಿಲ್ಲೆಯಲ್ಲಿ ಈ ಎರಡೂ ಪದ್ಧತಿ ಅಕ್ಕಪಕ್ಕ ಇವೆ. ಸ್ವರ್ಣವಲ್ಲಿ, ರಾಮಚಂದ್ರಾಪುರ ಮಠಗಳ ಶಿಷ್ಯರಾದ ಹವ್ಯಕರು, ಶಿರಾಲಿಯ ಚಿತ್ರಾಪುರ ಮಠದವರು ಸ್ಮಾರ್ತರು. ಪರ್ತಗಾಳಿ, ಕಾಶೀ ಮಠಗಳ ಶಿಷ್ಯರಾದ ಗೌಡ ಸಾರಸ್ವತರು ಮಾಧ್ವರು. ಶಿರಸಿ ಹತ್ತಿರದ ಸೋಂದೆಯಲ್ಲಂತೂ ಸ್ವರ್ಣವಲ್ಲಿ ಮಠ, ವಾದಿರಾಜರ ಸೋದೆ ಮಠ, ಸ್ವಾದಿ ಜೈನ ಮಠ ಮೂರೂ ಕೆಲವೇ ಮೈಲಿಯ ಒಳಗಿವೆ. ಹಾಳೆಯಲ್ಲಿ ಎರಡೂ ದಿನ ಬರೆದು ‘ಸ್ಮಾ’, ‘ವೈ’ ಎಂದು ಗುರುತು ಹಾಕಿ. ಎರಡೂ ಸರಿ.

ಮಾರ್ಗಶಿರ ಹುಣ್ಣಿಮೆ. ಕಾರವಾರದ ಮಾಜಾಳಿ ಕಡೆ ಇದೇ ಮಾರ್ಕೆಪೂನವ್ ಜಾತ್ರೆ. ಹುಣ್ಣಿಮೆ ಎರಡು ದಿನಕ್ಕೆ ಹರಡಿದಾಗ ಜಾತ್ರೆ ಯಾವತ್ತೆಂದು ದೇವಸ್ಥಾನದವರನ್ನೇ ಕೇಳಬೇಕು.

ಪುಷ್ಯ ಹುಣ್ಣಿಮೆ. ಕಾರವಾರ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ. ಈ ಹುಣ್ಣಿಮೆ 2025ರಲ್ಲಿ ಜನವರಿ 13, 2026ರಲ್ಲಿ ಜನವರಿ 3. ನಡುವೆ ಅಧಿಕ ಜ್ಯೇಷ್ಠ ಬಂದದ್ದರಿಂದ 2027ರಲ್ಲಿ ಜನವರಿ 22. ಹೋದ ವರ್ಷದ ತಾರೀಖಿಗೆ ಹತ್ತು ಕಳೆದು ಬರೆಯುವವರು ಇಂಥ ವರ್ಷದಲ್ಲೇ ಮೋಸಹೋಗುತ್ತಾರೆ.

ಜೈನ ಪರ್ವಗಳು. ಇಲ್ಲಿ ಬೇರೊಂದು ಹೊಂಡವಿದೆ. ನಮ್ಮಲ್ಲಿ ಚಾಂದ್ರ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ಹಾಗಾಗಿ ಕೃಷ್ಣ ಪಕ್ಷಕ್ಕೆ ಅವರ ತಿಂಗಳ ಹೆಸರು ನಮ್ಮದಕ್ಕಿಂತ ಒಂದು ಮುಂದೆ ಇರುತ್ತದೆ. ಪಾರ್ಶ್ವನಾಥ ತೀರ್ಥಂಕರರ ಜನ್ಮಕಲ್ಯಾಣಕ, ಅಂದರೆ ಹುಟ್ಟಿದ ದಿನ, ಉತ್ತರದ ಪಟ್ಟಿಯಲ್ಲಿ ಪುಷ್ಯ ಕೃಷ್ಣ ಏಕಾದಶಿ ಎಂದಿದ್ದರೆ, ನಮ್ಮ ಪಂಚಾಂಗದಲ್ಲಿ ಅದನ್ನು ಮಾರ್ಗಶಿರ ಬಹುಳ ಏಕಾದಶಿಯಲ್ಲಿ ಹುಡುಕಬೇಕು. ಆದಿನಾಥರ ನಿರ್ವಾಣದ ಮಾಘ ಕೃಷ್ಣ ಚತುರ್ದಶಿ ನಮಗೆ ಪುಷ್ಯ ಬಹುಳ ಚತುರ್ದಶಿ. ಅಂತರ್ಜಾಲದ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಇಡೀ ಒಂದು ತಿಂಗಳು ತಪ್ಪುತ್ತದೆ. ಶುಕ್ಲ ಪಕ್ಷಕ್ಕೆ ಈ ತೊಂದರೆ ಇಲ್ಲ.

ರಥಸಪ್ತಮಿ, ಮಾಘ ಶುಕ್ಲ ಸಪ್ತಮಿ. 2026ರಲ್ಲಿ ಜನವರಿ 25, 2027ರಲ್ಲಿ ಫೆಬ್ರವರಿ 13. ಅಂದು ಇಡಗುಂಜಿ ಗಣಪತಿಯ ತೇರು; ಹೊನ್ನಾವರ ಕಡೆಯ ಬಸ್ಸು, ರಸ್ತೆ ತುಂಬಿರುತ್ತದೆಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಮುಂಡಗೋಡ. 1966ರಲ್ಲಿ ಶುರುವಾದ ಟಿಬೆಟನ್ ನೆಲೆ, ಗಾಡೆನ್ ಮತ್ತು ಡ್ರೆಪುಂಗ್ ವಿಹಾರಗಳು ಅಲ್ಲಿವೆ. ಅವರ ಹತ್ತನೇ ತಿಂಗಳ 25ನೇ ದಿನ ಗಾಡೆನ್ ಙಮ್‌ಚೋ, ಗೆಲುಗ್ ಪಂಥವನ್ನು ಕಟ್ಟಿದ ತ್ಸೊಂಗ್‌ಖಾಪ ಅವರ ಸ್ಮರಣೆಯ ದಿನ. ಕತ್ತಲಾಗುತ್ತಲೇ ವಿಹಾರದ ಮಾಡು, ಗೋಡೆ, ಕಿಟಕಿಗಳ ಮೇಲೆಲ್ಲ ದೀಪ ಹಚ್ಚುತ್ತಾರೆ. 2024ರಲ್ಲಿ ಇದು ಸರಿಯಾಗಿ ಡಿಸೆಂಬರ್ 25ಕ್ಕೇ ಬಂದಿತ್ತು, 2025ರಲ್ಲಿ ಡಿಸೆಂಬರ್ 14ಕ್ಕೆ. ಅವರ ಹೊಸವರ್ಷ ಲೋಸರ್ 2026ರಲ್ಲಿ ಫೆಬ್ರವರಿ 18, 2027ರಲ್ಲಿ ಫೆಬ್ರವರಿ 7. ಅವರ ಅಧಿಕ ಮಾಸ ನಮ್ಮ ಅಧಿಕ ಮಾಸದ ಜೊತೆಗೇ ಬರಬೇಕೆಂದಿಲ್ಲ, ಆದ್ದರಿಂದ ನಮ್ಮ ಪಂಚಾಂಗದಿಂದ ಲೆಕ್ಕ ಹಾಕಲು ಹೋಗದೆ ಅಲ್ಲಿಯೇ ಕೇಳಿ.

ಹಂತ 5: ಹಸಿರನ್ನು ಮೊದಲು ಪೆನ್ಸಿಲ್‌ನಲ್ಲಿ

ಹಿಜರಿ ತಿಂಗಳು ಚಂದ್ರದರ್ಶನದಿಂದ ಶುರು. 29ನೇ ಸಂಜೆ ಬಾಲಚಂದ್ರ ಕಂಡರೆ ಮರುದಿನ ಹೊಸ ತಿಂಗಳು, ಕಾಣದಿದ್ದರೆ 30 ತುಂಬಿಸುತ್ತಾರೆ. ಅಚ್ಚಾದ ತಾರೀಖು ಏನಿದ್ದರೂ ಅಂದಾಜು. ಪೆನ್ಸಿಲ್‌ನಲ್ಲಿ ಎರಡು ದಿನಕ್ಕೆ ಸೇರಿಸಿ ಆವರಣ ಹಾಕಿ, ಖಚಿತವಾದ ಸಂಜೆ ಹಸಿರು ಪೆನ್ನಿನಲ್ಲಿ ತಿದ್ದಿ.

ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಭಟ್ಕಳದಿಂದ ದಕ್ಷಿಣದ ಕರಾವಳಿ ಎಷ್ಟೋ ಸಲ ಕೇರಳದ ಚಂದ್ರದರ್ಶನವನ್ನು ಒಪ್ಪುತ್ತದೆ. ಆಗ ಘಟ್ಟದ ಮೇಲಿನವರಿಗಿಂತ ಒಂದು ದಿನ ಮೊದಲೇ ಹಬ್ಬವಾಗುವುದುಂಟು. ಬೆಂಗಳೂರಿನ ಪ್ರಕಟಣೆ ಟಿವಿಯಲ್ಲಿ ನೋಡಿ ಭಟ್ಕಳದ ದಿನ ಬರೆಯಬೇಡಿ. ಭಟ್ಕಳದ ಖಾಜಿಗಳು ಏನು ಪ್ರಕಟಿಸಿದರೆಂದು ಅಲ್ಲಿನವರನ್ನೇ ಕೇಳಿ.

ಈಗಿನ ವರ್ಷಗಳಲ್ಲಿ ಚಳಿಗಾಲದೊಳಗೆ ಶಬ್-ಎ-ಮೆಅರಾಜ್ (ರಜಬ್ 27), ಶಬ್-ಎ-ಬರಾತ್ (ಷಾಬಾನ್ 15) ಬರುತ್ತಿವೆ. ‘ಶಬ್’ ಎಂದರೆ ರಾತ್ರಿ. ದಿನ ಸೂರ್ಯಾಸ್ತಕ್ಕೆ ಶುರುವಾಗುವುದರಿಂದ ಷಾಬಾನ್ 15ರ ರಾತ್ರಿ ಎಂದರೆ 14ರ ಹಗಲು ಮುಗಿದ ಮೇಲಿನ ರಾತ್ರಿ. ಕ್ಯಾಲೆಂಡರ್‌ನಲ್ಲಿ ಹಬ್ಬದ ಹೆಸರು ಬುಧವಾರಕ್ಕಿದ್ದರೆ ಪ್ರಾರ್ಥನೆ ನಡೆಯುವುದು ಬಹುಶಃ ಮಂಗಳವಾರ ರಾತ್ರಿ. ಬುಧವಾರ ರಾತ್ರಿ ಶುಭಾಶಯ ಹೇಳಲು ಹೋದರೆ ಎಲ್ಲ ಮುಗಿದಿರುತ್ತದೆ.

ರಂಜಾನ್ ಉಪವಾಸ 2026ರಲ್ಲಿ ಫೆಬ್ರವರಿ 19ಕ್ಕೆ ಶುರುವಾಯಿತು. 2027ಕ್ಕೆ ಫೆಬ್ರವರಿ 8-9ರ ಸುಮಾರು, 2028ಕ್ಕೆ ಜನವರಿ ಕೊನೆಯ ವಾರ, 2029ಕ್ಕೆ ಜನವರಿ ನಡುಭಾಗ. 2030ರಲ್ಲಿ ಜನವರಿ ಮೊದಲಿಗೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಅಂದರೆ ಇನ್ನು ಕೆಲವು ವರ್ಷ ಶಾಲಾ ವಾರ್ಷಿಕೋತ್ಸವದ ಕಾಲಕ್ಕೇ ರಂಜಾನ್ ಬರುತ್ತದೆ. ಮಧ್ಯಾಹ್ನದ ಊಟದ ಕಾರ್ಯಕ್ರಮ, ಮಕ್ಕಳ ಓಟದ ಸ್ಪರ್ಧೆ ಇಡುವ ಮುನ್ನ ಈ ಸಾಲು ನೋಡಿಕೊಳ್ಳಿ.

ಹಂತ 6: ಊಟದ ಕಾಲಂ

ಹಾಳೆಯ ಬೇರೆ ಕಾಲಂಗಳಲ್ಲಿ ತಪ್ಪಾದರೆ ತಿದ್ದಿಕೊಳ್ಳಬಹುದು. ಇದರಲ್ಲಿ ತಪ್ಪಾದರೆ ಕರೆಸಿಕೊಂಡವರು ಎಲೆಯ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಆದ್ದರಿಂದ ಕೇಳಿ ಬರೆಯಿರಿ.

ಏಕಾದಶಿಯ ದಿನ ಅನ್ನವಿಲ್ಲ. ಕೆಲವರು ಅವಲಕ್ಕಿ, ಹಣ್ಣು ತಿನ್ನುತ್ತಾರೆ, ಕಟ್ಟುನಿಟ್ಟಿನ ಮಾಧ್ವರು ನೀರನ್ನೂ ಮುಟ್ಟದಿರಬಹುದು. 2020ರಲ್ಲಿ ವೈಕುಂಠ ಏಕಾದಶಿ ಡಿಸೆಂಬರ್ 25ಕ್ಕೇ ಬಂದಿತ್ತು. ಅಂಥ ವರ್ಷ ಕ್ರೈಸ್ತ ಮಿತ್ರರ ಮನೆಯ ಊಟಕ್ಕೆ ಮರುದಿನ ಬರುತ್ತೇವೆಂದು ಮೊದಲೇ ಹೇಳಿದರೆ ಯಾರಿಗೂ ಬೇಸರವಿಲ್ಲ, ಹಬ್ಬ ಆಗಿನ್ನೂ ನಡೆಯುತ್ತಲೇ ಇರುತ್ತದೆ.

ಕ್ರಿಸ್‌ಮಸ್ ತಟ್ಟೆಯ ಕುಸ್ವಾರ್‌ನಲ್ಲಿ, ಅಂದರೆ ಹಬ್ಬದ ತಿಂಡಿಗಳ ಗುಂಪಿನಲ್ಲಿ, ನೇವರಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಹಿಂದೂ ಕೊಂಕಣಿ ಮನೆಗಳಲ್ಲಿ ಚೌತಿಗೆ ಮಾಡುವುದೂ ಅದನ್ನೇ. ಕುಲ್‌ಕುಲ್, ಗುಲಾಬಿ ಹೂವಿನ ಅಚ್ಚಿನ ತಿಂಡಿಗಳಲ್ಲಿ ಮೊಟ್ಟೆ ಇರುವುದೇ ಹೆಚ್ಚು. ಪ್ಲಮ್ ಕೇಕಿನಲ್ಲಿ ಮೊಟ್ಟೆಯಲ್ಲದೆ ರಮ್‌ನಲ್ಲಿ ನೆನೆಸಿದ ಹಣ್ಣೂ ಇರಬಹುದು, ಆದ್ದರಿಂದ ಮುಸ್ಲಿಂ ಮನೆಗೆ ಕೊಡುವ ಮುನ್ನ ಬೇಕರಿಯಲ್ಲಿ ಕೇಳಿ. ರಂಜಾನ್‌ನಲ್ಲಿ ತಿಂಡಿ ಕೊಡುವುದಾದರೆ ಸೂರ್ಯಾಸ್ತಕ್ಕೆ ಅರ್ಧ ತಾಸು ಮುಂಚೆ ತಲುಪಿಸಿ. ಖರ್ಜೂರ, ಹೆಚ್ಚಿದ ಕಲ್ಲಂಗಡಿ, ಮನೆಯ ಪಾನಕ ಯಾವುದಾದರೂ ಸರಿ.

ಜೈನ ಮಿತ್ರರು ಬರುವುದಿದ್ದರೆ ಊಟ ಸೂರ್ಯಾಸ್ತದೊಳಗೆ ಮುಗಿಯಬೇಕು. ಡಿಸೆಂಬರ್ ಕೊನೆಗೆ ಕಾರವಾರದಲ್ಲಿ ಸೂರ್ಯಾಸ್ತ 6:10-6:15ರ ಹತ್ತಿರ, ಹಾಗಾಗಿ ಎಲೆ ಹಾಕುವುದು ಐದು ಗಂಟೆಗೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಗಜ್ಜರಿ ಬೇಡ, ಜೇನೂ ಬೇಡ.

ಹೆಸರು ನೋಡಿ ಧರ್ಮ ಊಹಿಸಬೇಡಿ. ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ.

ಹಂತ 7: ಸಂಕ್ರಾಂತಿ ಕಾಳು, ಹತ್ತು ದಿನ ಮೊದಲೇ

ಅಕ್ಕಪಕ್ಕದವರಿಗೆಲ್ಲ ಒಂದೇ ವಸ್ತು ಹಂಚಬೇಕೆಂದರೆ ಇದಕ್ಕಿಂತ ಒಳ್ಳೆಯದಿಲ್ಲ: ಮೊಟ್ಟೆಯಿಲ್ಲ, ಮಾಂಸವಿಲ್ಲ, ಮದ್ಯವಿಲ್ಲ. ಸಂಕ್ರಾಂತಿ ಕಾಳು ಅಥವಾ ಕುಸುರೆಳ್ಳು ಎಂದರೆ ಸಕ್ಕರೆ ಪಾಕ ಸುತ್ತಿ ಮೈತುಂಬ ಮುಳ್ಳು ಎದ್ದ ಎಳ್ಳು. ಅಂಗಡಿಯದ್ದಕ್ಕೂ ಮನೆಯದ್ದಕ್ಕೂ ಹೋಲಿಕೆ ಇಲ್ಲ, ಆದರೆ ತಾಳ್ಮೆ ಬೇಕು.

ಸಾಮಾನು: ಸಿಪ್ಪೆ ತೆಗೆದ ಬಿಳಿ ಎಳ್ಳು 50 ಗ್ರಾಂ, ಸಕ್ಕರೆ ಅರ್ಧ ಕಿಲೊ, ನೀರು ಕಾಲು ಲೀಟರ್, ಹಾಲು ಎರಡು ಚಮಚ. ದಪ್ಪ ತಳದ ಅಗಲ ಪಾತ್ರೆ. ಕೆಂಡದ ಒಲೆ ಇದ್ದರೆ ಲೇಸು. ಗ್ಯಾಸ್ ಆದರೆ ಉರಿ ತೀರ ಸಣ್ಣ, ಮಧ್ಯೆ ಕಾವಲಿ ಇಟ್ಟು ಅದರ ಮೇಲೆ ಪಾತ್ರೆ.

ಸಕ್ಕರೆ, ನೀರು ಕುದಿಯುವಾಗ ಹಾಲು ಹಾಕಿ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಬಟ್ಟೆಯಲ್ಲಿ ಸೋಸಿ. ಪಾಕ ತೆಳುವಾಗಿರಲಿ, ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಎಳ್ಳನ್ನು ಬಣ್ಣ ಬದಲಾಗದಷ್ಟು ಬೆಚ್ಚಗೆ ಮಾಡಿ, ಒಂದು ಚಮಚ ಪಾಕ ಬಿಟ್ಟು ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತಿರಿ. ಪೂರ್ತಿ ಒಣಗಿ ಕಾಳು ಬಿಡಿಬಿಡಿಯಾದ ಮೇಲೆಯೇ ಮುಂದಿನ ಚಮಚ. ಮೊದಲ ದಿನ ಬರೀ ಬಿಳಿ ಹೊದಿಕೆ ಬರುತ್ತದೆ, ನಿರಾಶೆ ಬೇಡ. ದಿನಕ್ಕೆ ಎರಡು ತಾಸಿನಂತೆ ಮಾಡಿದರೆ ಮೂರನೆಯ ದಿನದಿಂದ ಮುಳ್ಳು ಕಾಣಿಸತೊಡಗುತ್ತದೆ. ಅರ್ಧ ಕಿಲೊ ಸಕ್ಕರೆ ಏರಲು ಒಂದು ವಾರ ಹಿಡಿಯಬಹುದು.

ಕೆಡುವುದು ಹೀಗೆ. ಪಾಕ ಒಮ್ಮೆಗೇ ಹೆಚ್ಚು ಬಿಟ್ಟರೆ ಕಾಳು ಗಂಟು ಕಟ್ಟುತ್ತದೆ. ಉರಿ ಹೆಚ್ಚಾದರೆ ಪಾಕ ಕಾಳಿಗೆ ಹತ್ತುವ ಮೊದಲೇ ಒಣಗಿ ಪುಡಿಯಾಗಿ ತಳದಲ್ಲಿ ಉಳಿಯುತ್ತದೆ. ಪಾತ್ರೆಯ ತಳಕ್ಕೆ ಬೆರಳು ತಾಗಿಸಿದರೆ ಸಹಿಸುವಷ್ಟೇ ಬಿಸಿ ಇರಬೇಕು. ಮುಳ್ಳು ಎದ್ದ ಮೇಲೆ ಕೈ ಜೋರಾಗಿ ಆಡಿಸಿದರೆ ಮುಳ್ಳು ಮುರಿದು ಕಾಳು ನುಣ್ಣಗಾಗುತ್ತದೆ. ಮೋಡ ಕವಿದ ದಿನ ಮಾಡಲೇಬೇಡಿ. ಚಳಿ ಇದ್ದು ಗಾಳಿ ಒಣಗಿರುವ ಬೆಳಗಿನ ಹೊತ್ತೇ ಸರಿ. ಈ ವಿಷಯದಲ್ಲಿ ಶಿರಸಿಯವರಿಗೆ ಕಾರವಾರದವರಿಗಿಂತ ಅನುಕೂಲ ಹೆಚ್ಚು. ಕಡಲ ಬದಿಯಲ್ಲಿ ಮಾಡಿದ ಕಾಳನ್ನು ತೆರೆದಿಟ್ಟರೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ. ಪ್ರತಿ ದಿನದ ಕೆಲಸ ಮುಗಿದು ಪೂರ್ತಿ ತಣಿದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ.

ಹಂತ 8: ಹೋಗುವಾಗ

ಇಗರ್ಜಿಗೆ. ಯಾರು ಬೇಕಾದರೂ ಹೋಗಬಹುದು. ಪೂಜೆಯ ಭಾಷೆ, ಹೊತ್ತು ಮೊದಲೇ ಕೇಳಿ. ರಾತ್ರಿಯ ಪೂಜೆ ಎಲ್ಲ ಕಡೆ ನಡುರಾತ್ರಿಗೇ ಇರುವುದಿಲ್ಲ. ಹಿಂದಿನ ಬೆಂಚುಗಳಲ್ಲಿ ಕುಳಿತು, ಎಲ್ಲರೂ ಎದ್ದಾಗ ಏಳಿ. ಪರಮಪ್ರಸಾದ ಕೊಡುವಾಗ ಸಾಲಿನಲ್ಲಿ ನಿಲ್ಲಬೇಡಿ. ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಹಂಚುವಂಥದ್ದಲ್ಲ ಅದು, ದೀಕ್ಷೆ ಪಡೆದ ಕಥೊಲಿಕರಿಗೆ ಮಾತ್ರ. ಕೂತಲ್ಲೇ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮುಂಡಗೋಡಕ್ಕೆ. ಚಪ್ಪಲಿ ಹೊರಗೆ; ವಿಹಾರವನ್ನು, ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿ. ಭಿಕ್ಷುಗಳು ಪಠಣದಲ್ಲಿರುವಾಗ ಫ್ಲ್ಯಾಶ್ ಬೇಡ. ವಿದೇಶಿ ನೆಂಟರನ್ನು ಕರೆದುಕೊಂಡು ಹೋಗಿ ಅಲ್ಲಿ ಉಳಿಯುವುದಾದರೆ ಅವರಿಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಭಾರತೀಯರಿಗೆ ಬೇಡ.

ಕೂರ್ಮಗಡಕ್ಕೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಆದ್ದರಿಂದ ಇಲ್ಲಿ ಸಂಕೋಚ ಬೇಡ. ಆಡಳಿತ ಗೊತ್ತುಮಾಡಿದ ದೋಣಿಯಲ್ಲಿ ಮಾತ್ರ ಹೋಗಿ. ಲೈಫ್ ಜಾಕೆಟ್ ತೊಟ್ಟು ಪಟ್ಟಿ ಬಿಗಿದ ಮೇಲೆಯೇ ದೋಣಿ ಹತ್ತಿ, ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಹೆಚ್ಚು ಜನ ಹತ್ತುತ್ತಿದ್ದರೆ ಇಳಿದುಬಿಡಿ. ಅಲೆ ಬಂದಾಗ ಎಲ್ಲರೂ ಎದ್ದು ಒಂದೇ ಬದಿಗೆ ವಾಲಿದರೆ ದೋಣಿ ಮಗುಚುತ್ತದೆ, ಕೂತಲ್ಲಿಂದ ಏಳಬಾರದು. ಮಧ್ಯಾಹ್ನದ ನಂತರ ಕಡಲಿನ ಗಾಳಿ ಜೋರಾಗುವುದರಿಂದ ಬೆಳಿಗ್ಗೆಯೇ ಹೋಗಿ ಬೇಗ ಮರಳಿ.

ರಥಸಪ್ತಮಿಯ ಸ್ನಾನಕ್ಕೆ. ಏಳು ಎಕ್ಕದೆಲೆ: ತಲೆಗೆ ಒಂದು, ಭುಜಗಳಿಗೆ ಎರಡು, ಮೊಣಕಾಲಿಗೆ ಎರಡು, ಪಾದಕ್ಕೆ ಎರಡು. ಎಲೆ ಕಿತ್ತಾಗ ಒಸರುವ ಬಿಳಿ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಪಾರದರ್ಶಕ ಪೊರೆ ಕೆಡುತ್ತದೆ. ಹಿಂದಿನ ಸಂಜೆಯೇ ಕಿತ್ತು ತೊಟ್ಟು ನೀರಿನಲ್ಲಿ ಅದ್ದಿಡಿ, ಮರುದಿನ ಚೆನ್ನಾಗಿ ತೊಳೆದು ಬಳಸಿ, ಎಲೆ ಮುಟ್ಟಿದ ಕೈ ಸಾಬೂನಿನಲ್ಲಿ ತೊಳೆಯಿರಿ. ಮಕ್ಕಳ ತಲೆಯ ಮೇಲೆ ಎಲೆ ಇಟ್ಟು ನೀರು ಹೊಯ್ಯುವಾಗ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಹಾಲು ಸಿಡಿದರೆ ಧಾರೆಯಾಗಿ ನೀರು ಬಿಟ್ಟು ಹದಿನೈದು ನಿಮಿಷ ತೊಳೆದು, ನೋವಿಲ್ಲದಿದ್ದರೂ ಅಂದೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಈ ಹಾಲು ಕೆಲವೊಮ್ಮೆ ನೋವು ತೋರಿಸದೆಯೇ ಕಣ್ಣನ್ನು ಕೆಡಿಸುತ್ತದೆ.

ಹಂತ 9: ಹಾಳೆಯನ್ನು ತೆಗೆದಿಡಿ

ಫೆಬ್ರವರಿ ಮುಗಿದ ಮೇಲೆ ಪ್ರತಿ ಸಾಲಿನ ಎದುರು ಹಬ್ಬ ನಿಜವಾಗಿ ಯಾವತ್ತು ನಡೆಯಿತೆಂದು ಬರೆಯಿರಿ. ಭಾನುವಾರಕ್ಕೆ ಬರುವವನ್ನು ಬಿಟ್ಟು ಕೆಂಪು, ಹಳದಿ ಸಾಲುಗಳನ್ನು ಮುಂದಿನ ವರ್ಷಕ್ಕೆ ಹಾಗೇ ಇಳಿಸಿಕೊಂಡು ಸಂಕ್ರಾಂತಿಯ ಹೊತ್ತಿಗೆ ಆರು ಗಂಟೆ ಸೇರಿಸಿದರೆ ಸಾಕು; ನಡುವೆ ಫೆಬ್ರವರಿ 29 ಬಂದಿದ್ದರೆ ಒಂದು ದಿನ ಕಳೆಯಿರಿ. ಹಸಿರಿಗೆ ಹನ್ನೊಂದು ದಿನ ಕಳೆದು ಪೆನ್ಸಿಲ್ ಆವರಣ ಹಾಕಿ. ನೀಲಿ ಸಾಲುಗಳನ್ನು ಮಾತ್ರ ಖಾಲಿ ಬಿಟ್ಟು, ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ಮೇಲೆ ಅಧಿಕ ಮಾಸ ಇದೆಯೇ ಎಂದು ಮೊದಲು ನೋಡಿ, ಆಮೇಲೆ ತುಂಬಿಸಿ.